ಕಾಲು ಕಾಣುವಷ್ಟು ಉದ್ದ

ಲಕ್ಷ್ಮಕ್ಕ ಕುಳಿತಾಗಲೂ ಕುಳಿತಂತೆ ಕಾಣುತ್ತಿರಲಿಲ್ಲ. ಸ್ಟೂಲಿನ ತುದಿಗೆ ಅಂಟಿಕೊಂಡು ಹೊಲಿಯುವರು, ಒಂದು ಕಾಲು ಪೆಡಲಿನ ಮೇಲೆ, ಇನ್ನೊಂದು ಬಾಗಿಲಿನ ಕಡೆ. ಒಂದು ತೋಳು ಮುಗಿಸಿ ಎದ್ದು ರಸ್ತೆ ನೋಡುವರು, ಇನ್ನೊಂದು ಮುಗಿಸಿ ಎದ್ದು ನೇತುಹಾಕಿದ ಬಟ್ಟೆಗಳ ಜಾಗ ಬದಲಿಸುವರು. ನಾನು ನೋಡಿದ ಮೂರು ವರ್ಷಗಳಲ್ಲಿ ಅವರ ಹೊಲಿಗೆ ಯಂತ್ರ ಆ ಪುಟ್ಟ ಅಂಗಡಿಯ ಎಲ್ಲ ಗೋಡೆಗಳಿಗೂ ಒರಗಿ ಬಂದಿತ್ತು. “ಒಂದೇ ಗೋಡೆ ನೋಡ್ತಾ ಹೊಲಿದ್ರೆ ಎಲ್ಲಾ ಬ್ಲೌಸೂ ಒಂದೇ ಥರ ಆಗ್ತವೆ ಮೇಡಂ” ಎನ್ನುತ್ತಿದ್ದರು.

ಚಿಕ್ಕಲಸಂದ್ರದಲ್ಲಿ ನಾವು ಬಾಡಿಗೆಗಿದ್ದ ಮೂರಂತಸ್ತಿನ ಕಟ್ಟಡ ಅವರ ಗಂಡನ ಮನೆತನದ್ದು. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಮೈದುನ ಕೃಷ್ಣಪ್ಪನವರು ಎಲ್ಲ ವ್ಯವಹಾರ ನೋಡಿಕೊಳ್ಳುತ್ತಿದ್ದರು. ಕೆಳಗಿದ್ದ ಮಳಿಗೆಗಳಲ್ಲಿ ತೀರ ಚಿಕ್ಕದನ್ನು ಲಕ್ಷ್ಮಕ್ಕ ಹಠ ಹಿಡಿದು ತೆಗೆದುಕೊಂಡಿದ್ದರಂತೆ. ಹೊಲಿಯದೇ ಇದ್ದರೂ ಅವರಿಗೆ ಊಟ ಬಟ್ಟೆಗೆ ಕೊರತೆಯಿರಲಿಲ್ಲ. ಮನೆಯವರು ಅದನ್ನೇ ಆಗಾಗ ಹೇಳುತ್ತಿದ್ದರು. ಸುಮ್ಮನೆ ಮೇಲೆ ಬಂದು ಟಿವಿ ನೋಡಿಕೊಂಡಿರಬಾರದೇ ಎಂದು.

ನನ್ನ ಮಗಳು ಅನ್ವಿ ಆಗ ಜೆ.ಪಿ. ನಗರದಲ್ಲಿ ಬ್ಯಾಲೆ ಕಲಿಯಲು ಹೋಗುತ್ತಿದ್ದಳು. ಭಾನುವಾರದ ಪ್ರದರ್ಶನಕ್ಕೆಂದು ಕ್ಲಾಸಿನವರು ಕೊಟ್ಟಿದ್ದ ಟುಟು, ಎಂದರೆ ಸೊಂಟದ ಸುತ್ತ ಕೊಡೆಯಂತೆ ಬಿಚ್ಚಿಕೊಂಡು ನಿಲ್ಲುವ ಆ ಗಿಡ್ಡ ಬಲೆಯ ಲಂಗ, ಒಂದು ಕಡೆ ಹರಿದಿತ್ತು. ಗುರುವಾರ ಲಕ್ಷ್ಮಕ್ಕನಿಗೆ ಕೊಟ್ಟೆ. ಶುಕ್ರವಾರ ನಾನು ಪಾಠ ಮಾಡುವ ಶಾಲೆಯಿಂದ ಬರುವಾಗ ಇಣುಕಿದರೆ ಟುಟು ಇರಲಿಲ್ಲ. ಬಿಳಿ ಬಲೆಯ ಪಟ್ಟಿಗಳು ನೆಲದ ತುಂಬ ಹರಡಿದ್ದವು, ನಡುವೆ ಅವರು ಕುಕ್ಕರುಗಾಲಲ್ಲಿ ಕೂತಿದ್ದರು. ಎರವಲು ಬಟ್ಟೆ, ನಡುವೆ ಉಳಿದದ್ದು ಒಂದೇ ದಿನ. ಹರಿದದ್ದು ಅಂಗೈಯಗಲ, ಪೂರ್ತಿ ಬಿಚ್ಚಿದ್ದೇಕೆ ಎಂದು ಕೇಳಿದೆ.

“ಇದು ಹೆಂಗೆ ನಿಂತ್ಕೊಳ್ಳುತ್ತೆ ಅಂತ ನೋಡ್ಬೇಕಿತ್ತು” ಎಂದರು. ಗಂಜಿಯಿಲ್ಲ, ತಂತಿಯಿಲ್ಲ. ಕೆಳಗಿನ ಪದರ ಗಿಡ್ಡ, ಅದರ ಮೇಲಿನದು ತುಸು ಉದ್ದ, ಅದರ ಮೇಲಿನದು ಇನ್ನೂ ಉದ್ದ. ಒಂದನ್ನೊಂದು ತಳ್ಳಿಕೊಂಡೇ ನಿಲ್ಲುತ್ತವೆ ಎಂದು ಪದರಗಳನ್ನು ಎತ್ತೆತ್ತಿ ತೋರಿಸಿದರು. ನನಗೆ ಕೇಳುವ ಸಹನೆಯಿರಲಿಲ್ಲ. ಶನಿವಾರ ಸಂಜೆ ಅವರೇ ಮೇಲೆ ಬಂದು ಕೊಟ್ಟರು. ಹರಿದದ್ದೆಲ್ಲಿ ಎಂದು ನನಗೂ ಗೊತ್ತಾಗಲಿಲ್ಲ.

ಪ್ರದರ್ಶನಕ್ಕೂ ಬಂದರು. ಕುರ್ಚಿ ಖಾಲಿಯಿದ್ದರೂ ಹಿಂದಿನ ಗೋಡೆಯ ಹತ್ತಿರ ನಿಂತೇ ನೋಡಿದರು. ವಾಪಸು ಬರುವಾಗ ಆಟೋದಲ್ಲಿ ಅನ್ವಿಯನ್ನು ಕೇಳಿದರು, ಇಷ್ಟು ಗಿಡ್ಡ ಯಾಕೆ ಪುಟ್ಟಿ ಎಂದು. ಮೊದಲು ಬ್ಯಾಲೆಯವರ ಲಂಗ ಉದ್ದ ಇತ್ತಂತೆ, ಕಾಲು ಮಾಡುವ ಕೆಲಸ ಜನರಿಗೆ ಕಾಣಲಿ ಎಂದು ಬರಬರುತ್ತಾ ಮೇಲೇರಿಸಿದರಂತೆ ಎಂದು ಮಗಳು ಮಿಸ್ ಹೇಳಿಕೊಟ್ಟಿದ್ದನ್ನು ಒಪ್ಪಿಸಿದಳು.

ಆಮೇಲೆ ಅವರಿಗೆ ನಿದ್ದೆಯಿಲ್ಲದ ಹಾಗಾಯಿತು. ಜಯನಗರದಲ್ಲಿ ಬಲೆಯ ಬಟ್ಟೆ ದುಬಾರಿಯೆಂದು ಸೊಳ್ಳೆ ಪರದೆ ತಂದು ಕತ್ತರಿಸಿದರು. ಬಣ್ಣದ ನೀರಿನಲ್ಲಿ ಅದ್ದಿ ತಾರಸಿಯಲ್ಲಿ ಒಣಹಾಕಿದರು. ಕಾಟನ್ ಲಂಗದ ಒಳಗೆ ಎರಡು ಪದರ, ಕುರ್ತಾದ ಅಂಚಿಗೆ ಒಂದು ಪದರ. ಶಾಲೆಯ ಹುಡುಗಿಯರು ಲೆಗ್ಗಿಂಗ್ಸ್ ಮೇಲೆ ಅದನ್ನು ಹಾಕಿಕೊಂಡು, ಕಾಲಿಗೆ ಸ್ಪೋರ್ಟ್ಸ್ ಶೂ ಏರಿಸಿ ಟ್ಯೂಷನ್ನಿಗೆ ಹೊರಟರು. ಕಾಲೇಜಿನವರು ಫೋನಿನಲ್ಲಿ ಚಿತ್ರ ತೋರಿಸಿ, ಇದೇ ಥರ ಆದರೆ ದಿನಾ ಬಸ್ಸಿಗೆ ಹಾಕೋ ಹಾಗೆ ಬೇಕು ಎನ್ನತೊಡಗಿದರು. ಒಮ್ಮೆ ಒಂದು ಮಗುವಿನ ತೊಡೆಯೆಲ್ಲ ಕೆಂಪು ದದ್ದು ಎದ್ದು, ಅದರ ತಾಯಿ ಅಂಗಡಿ ಮುಂದೆ ನಿಂತು ಇಡೀ ರಸ್ತೆಗೆ ಕೇಳುವಂತೆ ಬೈದುಹೋದಳು. ಲಕ್ಷ್ಮಕ್ಕ ತಾವು ಕೊಟ್ಟ ಲಂಗಗಳನ್ನೆಲ್ಲ ಮನೆಮನೆಗೆ ಹೋಗಿ ಕೇಳಿ ತಂದು, ತಮ್ಮ ಹಳೆಯ ಸೀರೆ ಹರಿದು ಒಳಗೆ ಮೆತ್ತನೆಯ ಅಸ್ತರಿ ಹಚ್ಚಿ ವಾಪಸು ಕೊಟ್ಟುಬಂದರು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಲಂಗದ ಅಂಚು ಮಡಿಸುತ್ತಾ ನನ್ನ ಕಡೆ ನೋಡದೆ ಹೇಳಿದರು. “ಇಲ್ಲೇ ಹಿಂದುಗಡೆ ನಮ್ಮ ಗದ್ದೆ ಇತ್ತು ಮೇಡಂ. ನಾಟಿ ಹಾಕುವಾಗ ಮೊಣಕಾಲಿನ ಮೇಲಕ್ಕೆ ಸೀರೆ ಎತ್ತಿ ಕಟ್ತಿದ್ವಿ. ಮಾವ ಇರ್ತಿದ್ರು, ಮೈದುನ ಇರ್ತಿದ್ರು, ಯಾರೂ ಏನೂ ಅಂತಿರ್ಲಿಲ್ಲ. ಗದ್ದೆ ಸೈಟ್ ಆಯ್ತು, ಮನೆ ಮೂರು ಫ್ಲೋರ್ ಆಯ್ತು. ಆಮೇಲೆ ಹಿಮ್ಮಡಿ ಕಂಡ್ರೂ ತಪ್ಪು.”

ಮುಂದಿನ ಸೋಮವಾರ ಅವರು ತಮಗೇ ಹೊಲಿದುಕೊಂಡ ಲಂಗ ತೊಟ್ಟು ಅಂಗಡಿ ತೆರೆದರು. ಕಡುನೀಲಿ ಕಾಟನ್, ಮೊಣಕಾಲಿಗಿಂತ ಒಂದು ಗೇಣು ಕೆಳಗೆ. ಒಳಗಿನ ಬಲೆ ನಡೆದಾಗಲಷ್ಟೇ ತೋರುತ್ತಿತ್ತು. ಮೇಲೆ ಉದ್ದ ತೋಳಿನ ಅಂಗಿ. ಐವತ್ತು ದಾಟಿದ ಹೆಂಗಸಿನ ಗಟ್ಟಿ ಮೀನಖಂಡಗಳು, ಪಾದದ ಮೇಲೆ ಯಾವುದೋ ಹಳೆಯ ಗಾಯದ ಗುರುತು. ಹಾಲು ತರಲು ರಸ್ತೆ ದಾಟಿದರು, ಮರಳಿ ಬಂದರು, ಮತ್ತೆ ಏನೋ ನೆಪ ತೆಗೆದು ದಾಟಿದರು.

ಮೂರನೆಯ ದಿನ ನಾನು ಒಂದು ಬ್ಲೌಸ್ ತರಲು ಹೋಗಿದ್ದಾಗ ಕೃಷ್ಣಪ್ಪನವರು ಬಂದರು. ಕೆಟ್ಟ ಮನುಷ್ಯರಲ್ಲ. ನಮ್ಮ ಮನೆಯ ನಲ್ಲಿ ಕೆಟ್ಟರೆ ತಾವೇ ಬಂದು ನಿಂತು ರಿಪೇರಿ ಮಾಡಿಸುತ್ತಿದ್ದವರು. ಅತ್ತಿಗೆಗೆ ನೇರವಾಗಿ ಏನೂ ಹೇಳಲಾಗದೆ ನನ್ನ ಕಡೆ ತಿರುಗಿದರು. “ನೀವು ಟೀಚರ್ರು, ನೀವೇ ಹೇಳಿ ಮೇಡಂ. ಈ ವಯಸ್ಸಿಗೆ ಇದು ಸರೀನಾ?”

ಲಕ್ಷ್ಮಕ್ಕ ಯಂತ್ರ ನಿಲ್ಲಿಸಿದರು. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಮುಂದಿನ ತಿಂಗಳು ನಮ್ಮ ಬಾಡಿಗೆ ಕರಾರು ಮುಗಿಯುವುದಿತ್ತು, ಅನ್ವಿಯ ಶಾಲೆ ಹತ್ತಿರವಿತ್ತು. ಇವೆಲ್ಲ ಒಂದು ಉಸಿರಿನಷ್ಟು ಹೊತ್ತಿನಲ್ಲಿ ತಲೆಯೊಳಗೆ ಹಾದುಹೋದವು. “ಮನೆಯಲ್ಲಾದ್ರೆ ಪರವಾಗಿಲ್ಲ...” ಎಂದೆ.

ಕೃಷ್ಣಪ್ಪನವರು ತಲೆಯಾಡಿಸಿ ಹೋದರು. ಲಕ್ಷ್ಮಕ್ಕ ನನ್ನ ಬ್ಲೌಸನ್ನು ಎಂದಿನಂತೆ ಮಡಿಸಿ ಕೊಟ್ಟರು. ನಾನು ಮೆಟ್ಟಿಲು ಹತ್ತುವಾಗ ಯಂತ್ರದ ಸದ್ದು ಮತ್ತೆ ಶುರುವಾಯಿತು, ಮಾಮೂಲಿಗಿಂತ ಜೋರಾಗಿ. ಹದಿನೈದು ದಿನದೊಳಗೆ ಅವರು ಕೋಣನಕುಂಟೆಯ ತಮ್ಮನ ಮನೆಗೆ ಹೊರಟುಹೋದರು. ಯಂತ್ರ ಆಟೋ ಏರಿದಾಗ ನಾನು ಶಾಲೆಯಲ್ಲಿದ್ದೆ. ಮಳಿಗೆಗೆ ಔಷಧಿ ಅಂಗಡಿ ಬಂತು. ನಮ್ಮ ಕರಾರು ತೊಂದರೆಯಿಲ್ಲದೆ ಮುಂದುವರಿಯಿತು.

ನನಗೆ ಮಾತ್ರ ನೆಮ್ಮದಿಯಿರಲಿಲ್ಲ. ಪಾಠದ ನಡುವೆ, ಅಡುಗೆಯ ನಡುವೆ ಆ ಅರ್ಧ ವಾಕ್ಯ ನೆನಪಾಗುತ್ತಿತ್ತು. ಎರಡು ತಿಂಗಳ ನಂತರ ಅವರನ್ನು ಹುಡುಕಿಕೊಂಡು ಹೋದೆ. ಮುಖ್ಯರಸ್ತೆಯಿಂದ ಒಳಗೆ, ಒಂದು ಗಿರಣಿಯ ಪಕ್ಕ ಅಂಗಡಿ ಹಾಕಿದ್ದರು. ಅದೇ ನೀಲಿ ಲಂಗದಲ್ಲಿ ನಿಂತು ಬಟ್ಟೆ ಕತ್ತರಿಸುತ್ತಿದ್ದರು. ಕಾಫಿ ತರಿಸಿದರು. ನಾನು ಕ್ಷಮೆ ಕೇಳಲು ಹೊರಟು ಏನೇನೋ ತೊದಲಿದೆ.

“ಅವತ್ತು ನಂಗೆ ಕೋಪ ಬರ್ಲಿಲ್ಲ ಮೇಡಂ” ಎಂದರು. “ನೀವೂ ಹಂಗೇ ಅಂದ್ರಲ್ಲ, ಇನ್ನು ಯಾರಾದ್ರೂ ಒಪ್ತಾರೆ ಅಂತ ಕಾಯೋದು ಬೇಡ ಅನ್ನಿಸ್ತು. ಅವಸರ ಬಂತು, ಅಷ್ಟೆ.”

ಅದೇ ಕೊನೆಯ ಭೇಟಿ. ಅವರು ಫೋನ್ ಎತ್ತುವವರಲ್ಲ, ನಾನೂ ಶಾಲೆಯ ಪರೀಕ್ಷೆ, ಮನೆಯ ಕೆಲಸ ಎಂದು ಮುಂದೂಡಿದೆ. ಈ ವರ್ಷ ಯುಗಾದಿ ಕಳೆದ ಮೇಲೆ ಬನಶಂಕರಿಯಲ್ಲಿ ಮೂರು ಮೀಟರ್ ಹಸಿರು ಕಾಟನ್ ಕೊಂಡು ಸೀದಾ ಕೋಣನಕುಂಟೆಗೆ ಹೋದೆ. ಅಂಗಡಿಯಲ್ಲಿ ಜೆರಾಕ್ಸ್ ಮಶೀನು ಓಡುತ್ತಿತ್ತು. ಆ ಅಕ್ಕ ಖಾಲಿ ಮಾಡಿ ನಾಲ್ಕು ತಿಂಗಳಾಯಿತು, ಕನಕಪುರ ರಸ್ತೆಯಲ್ಲಿ ಇನ್ನೂ ಮುಂದೆಲ್ಲೋ ದೊಡ್ಡ ಜಾಗ ಸಿಕ್ಕಿತಂತೆ, ತಮ್ಮನ ಮನೆಯವರೂ ಜೊತೆಗೇ ಹೋದರು ಎಂದು ಅಲ್ಲಿದ್ದವರು ಹೇಳಿದರು. ವಿಳಾಸ ಅವರಿಗೆ ಗೊತ್ತಿರಲಿಲ್ಲ. ಫೋನು ಸ್ವಿಚ್ ಆಫ್ ಎನ್ನುತ್ತಿತ್ತು.

ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತೆ. ಎದುರಿಗೆ ಇನ್ನೊಂದು ಟೈಲರ್ ಅಂಗಡಿಯಿತ್ತು. ಒಳಗಿದ್ದ ವಯಸ್ಸಾದವರು ಬಟ್ಟೆ ಬಿಡಿಸಿ ನೋಡಿದರು. ಲಂಗ, ಒಳಗೆ ಎರಡು ಪದರ ನೆಟ್, ಮೆತ್ತನೆ ಅಸ್ತರಿ ಎಂದೆ.

“ಮಗಳಿಗಾ ಮೇಡಂ?” ಎಂದು ಕೇಳಿದರು.

“ಅಲ್ಲ, ನನಗೆ.”

ಅವರು ಒಂದು ಕ್ಷಣ ನನ್ನ ಸೀರೆಯನ್ನು ನೋಡಿ ಟೇಪು ಎತ್ತಿಕೊಂಡು ಉದ್ದ ಎಷ್ಟಿಡಲಿ ಎಂದರು. ನಾನು ಬಗ್ಗಿ, ಮೊಣಕಾಲಿನಿಂದ ಒಂದು ಗೇಣು ಅಳೆದು ತೋರಿಸಿದೆ.