ಬಲಗಾಲಿನ ನರ

ನನ್ನ ಮದುವೆ ನಿಶ್ಚಯವಾದದ್ದೇ ತಡ, ನನ್ನ ಕಣ್ಣು ಅಪ್ಪನ ಕಾಲಿನ ಮೇಲೆ ಬಿತ್ತು. ತೊಂಬತ್ತರ ದಶಕದ ಕೊನೆ ಅದು. ಕಾರ್ಕಳ–ಉಡುಪಿ ಬಸ್ಸಿನಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ನಿಂತೇ ಟಿಕೆಟ್ ಹರಿದ ಕಾಲು. ಎಡಗಾಲಿನಲ್ಲಿ ನೀಲಿ ನರಗಳು ಎರೆಹುಳಗಳ ಹಾಗೆ ಉಬ್ಬಿ ಸುತ್ತಿಕೊಂಡಿದ್ದವು. ಬಲಗಾಲಿನಲ್ಲಿ ಸಣ್ಣದೊಂದು ಗಂಟು, ಅಷ್ಟೇ. ಅಪ್ಪ ಪಂಚೆ ಎತ್ತಿ ಕಟ್ಟದೆ ಓಡಾಡಿದವರಲ್ಲ. ಗಂಡಿನ ಕಡೆಯವರು ನೋಡುತ್ತಾರಲ್ಲ ಎಂದು ನನಗೆ ನಾಚಿಕೆ. ನಾನು ಟೀಚರು, ಮನೆಯಲ್ಲೂ ನನ್ನದೇ ಕಾರುಬಾರು. ಆಪರೇಷನ್ ಮಾಡಿಸಲೇಬೇಕೆಂದು ಹಟ ಹಿಡಿದೆ.

"ನೋವಿಲ್ಲ ಮಗಾ. ಮಾಡಿಸುವುದೇ ಆದರೆ ಎಡಗಾಲಿಗೆ ಸಾಕು. ಬಲಗಾಲಿಗೆ ಎಂತ ಆಗಿದೆ?" ಎಂದರು ಅಪ್ಪ.

"ಒಂದು ಹಾಗೆ, ಒಂದು ಹೀಗೆ ಇದ್ದರೆ ಚಂದ ಉಂಟಾ? ಎರಡೂ ಆಗಲಿ" ಎಂದೆ. ಆ ಸಣ್ಣ ಆಸ್ಪತ್ರೆಯ ಡಾಕ್ಟರೂ, ಮುಂದೆ ಅದರಲ್ಲೂ ಬರಬಹುದು ಎಂದು ತಲೆಯಾಡಿಸಿದರು. ಎರಡೂ ಕಾಲಿನ ನರಗಳನ್ನು ತೊಡೆಯಿಂದ ಪಾದದ ಗಂಟಿನವರೆಗೆ ಎಳೆದು ತೆಗೆದರು. ಮದುವೆಯ ಫೋಟೋದಲ್ಲಿ ಅಪ್ಪನ ಕಾಲು ನುಣ್ಣಗಿದೆ.

ಆರು ವರ್ಷ ಕಳೆಯಿತು. ಕೆಲಸ ಬಿಟ್ಟ ಅಪ್ಪ ಕಾಪುವಿನ ಮನೆಯಿಂದ ಸಂಜೆ ಕಡಲ ಕಡೆಗೆ ನಡೆಯುತ್ತಿದ್ದರು, ಬಾಯಲ್ಲಿ ಬೀಡಿ. ಬರಬರುತ್ತಾ ಅರ್ಧ ದಾರಿಯಲ್ಲೇ ಕುಳಿತು ಎಡಗಾಲು ಹಿಸುಕಿಕೊಳ್ಳತೊಡಗಿದರು. ವಾತ ಎಂದು ಎಣ್ಣೆ ತಿಕ್ಕಿದೆವು. ಹೆಬ್ಬೆರಳು ಕಪ್ಪಾದ ಮೇಲೆ ಮಣಿಪಾಲಕ್ಕೆ ಓಡಿದೆವು.

ಅಲ್ಲಿಯ ಸರ್ಜನ್ ನನ್ನನ್ನು ಕೂರಿಸಿ ಹೇಳಿದರು: ತೊಡೆಯಿಂದ ಕೆಳಗೆ ರಕ್ತ ಹೋಗುವ ದಾರಿ ಮುಚ್ಚಿದೆ. ಬೀಡಿಯ ಕೆಲಸ. ಬೈಪಾಸ್ ಮಾಡಿ, ಮೊಣಕಾಲು ದಾಟಿಸಿ ರಕ್ತ ಕೊಟ್ಟರೆ ಕಾಲು ಉಳಿದೀತು. ಹೊಸ ದಾರಿಗೆ ಅವರದ್ದೇ ಕಾಲಿನ ನರ ಹಾಕಿದರೆ ಹೆಚ್ಚು ಬಾಳಿಕೆ.

ಆಮೇಲೆ ಅಪ್ಪನ ಹಾಸಿಗೆಯ ಹತ್ತಿರ ಬಂದು ಎಡಗಾಲು ನೋಡಿದರು. "ಈ ಗುರುತು ಎಂತದ್ದು?"

"ಉಬ್ಬಿದ ನರ ತೆಗೆಸಿದ್ದು" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಸರಿ, ಅದು ಹೇಗೂ ಹಾಳಾದದ್ದು. ಬಲಗಾಲಿನದ್ದು ಉಂಟಲ್ವಾ?"

ನಾನು ಹೊದಿಕೆಯ ಅಂಚು ಹಿಡಿದುಕೊಂಡೆ. ಸರ್ಜನ್ನರೇ ಅದನ್ನು ಸರಿಸಿದರು. ಅಲ್ಲಿಯೂ ಅದೇ ಗುರುತು. ಕೈಯ ನರ ಸ್ಕ್ಯಾನ್ ಮಾಡಿಸಿದರು, ಅವು ತೀರಾ ಸಪೂರ, ಉಪಯೋಗಕ್ಕಿಲ್ಲ. ಹೊರಗೆ ಕಾರಿಡಾರಿನಲ್ಲಿ ನಾನು ಹೇಳಿದೆ, "ನನ್ನ ಕಾಲಿನದ್ದು ತೆಗೆಯಿರಿ ಡಾಕ್ಟ್ರೇ."

"ಹಾಗೆಲ್ಲ ಆಗುವುದಿಲ್ಲಮ್ಮ, ಅವರ ದೇಹ ಒಪ್ಪುವುದಿಲ್ಲ. ಇನ್ನು ಕೃತಕ ನಳಿಗೆಯೇ ಗತಿ. ಮೊಣಕಾಲಿನ ಕೆಳಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಬಲಗಾಲಿನದ್ದು ಇದ್ದಿದ್ದರೆ ಒಳ್ಳೆಯದಿತ್ತು."

ಒಳಗೆ ಹೋದಾಗ ಅಪ್ಪ ಕೇಳಿದರು, "ಎಂತ ಹೇಳಿದರು?"

"ಎಲ್ಲಾ ನಿಮ್ಮ ಬೀಡಿಯಿಂದ ಅಂತೆ" ಎಂದೆ. ಸುಳ್ಳಲ್ಲ. ಆದರೆ ಕೇಳಿದ್ದರಲ್ಲಿ ಅರ್ಧ ಮಾತ್ರ ಹೇಳಿದ್ದೆ.

ನಳಿಗೆ ಹಾಕಿದ ಮೇಲೆ ಪಾದ ಬೆಚ್ಚಗಾಯಿತು. ದಿನಾ ಬೆಳಿಗ್ಗೆ ಅದನ್ನು ಮುಟ್ಟಿ ನೋಡುವುದೇ ನನ್ನ ಪೂಜೆ. ಕಾರ್ಕಳದ ಗಂಡನ ಮನೆ ಬಿಟ್ಟು ಕಾಪುವಿನಲ್ಲೇ ಉಳಿದೆ. ನೋಡಲು ಬಂದ ನೆಂಟರೆದುರು, "ಎಷ್ಟು ಹೇಳಿದರೂ ಬೀಡಿ ಬಿಡಲಿಲ್ಲ ಇವರು" ಎಂದು ಗದರುತ್ತಿದ್ದೆ. ಅಪ್ಪ ತಪ್ಪು ಮಾಡಿದ ಮಕ್ಕಳ ಹಾಗೆ ತಲೆ ತಗ್ಗಿಸುತ್ತಿದ್ದರು. ನನ್ನ ನಾಲಿಗೆಗೆ ಹುಳ ಬೀಳಬೇಕಿತ್ತು.

ಹನ್ನೊಂದನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಪಾದ ತಣ್ಣಗಿತ್ತು. ನಳಿಗೆ ಕಟ್ಟಿತ್ತು. ಮತ್ತೆ ತೆರೆಯಲು ನೋಡಿದರು, ಆಗಲಿಲ್ಲ. ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ಆಸ್ಪತ್ರೆಯ ಕಾಗದಕ್ಕೆ ನಾನೇ ಸಹಿ ಹಾಕಿದೆ.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಪಂಚೆ ಉಡಿಸುತ್ತಿದ್ದೆ. ಎಡಗಡೆ ಬಟ್ಟೆ ಜೋಲುತ್ತಿತ್ತು. ಅಪ್ಪ ನನ್ನ ಕೈ ಹಿಡಿದುಕೊಂಡರು.

"ನನ್ನ ಬೀಡಿಯಿಂದಾಗಿ ನಿನಗೆ ಎಷ್ಟು ಉಪದ್ರ ಆಯಿತು ಮಗಾ. ನನ್ನ ಮೇಲೆ ಬೇಜಾರು ಇಟ್ಟುಕೊಳ್ಳಬೇಡ."

ಹೇಳಬೇಕಾದದ್ದನ್ನು ಆಗಲಾದರೂ ಹೇಳಬಹುದಿತ್ತು. "ಇರಲಿ ಅಪ್ಪ, ಆದದ್ದು ಆಯಿತು" ಎಂದು ನಾನು ಅವರನ್ನು ಕ್ಷಮಿಸಿಬಿಟ್ಟೆ.