ದೇವಕಿಯ ಹೆಸರಿಗೆ ಬಿದ್ದ ಸಾಲು

ಆ ಸಾಲು ನೀನು ಬರೆದದ್ದಲ್ಲ, ದೇವಕಿ. ನಾನು ಬರೆದದ್ದು. ನೀನು ತಿರುಗಿ ನನ್ನ ಮುಖ ನೋಡಿದ ಆ ಗಳಿಗೆಯಲ್ಲೇ ನನಗದು ಗೊತ್ತಿತ್ತು — ಗೊತ್ತಿದ್ದೂ ಸುಮ್ಮನಿದ್ದೆ. ಸುಮ್ಮನಿದ್ದೆ ಅಂದರೂ ಪೂರ್ತಿ ನಿಜವಲ್ಲ. ಒಂದು ಮಾತು ಆಡಿದೆ. ಅದಕ್ಕೆ ಬರುತ್ತೇನೆ.

ಸುಂಟಿಕೊಪ್ಪದಲ್ಲಿ ಟಯರ್ ಅಂಗಡಿಯ ಮೇಲಿದ್ದ ನಮ್ಮ ಆಫೀಸು ನೆನಪಿದೆಯಲ್ಲ — ಯಜಮಾನರು ಬೋಪಣ್ಣನವರು, ನಾನು, ಹೊಸದಾಗಿ ಸೇರಿದ ನೀನು. ಆನೆ ಹಿಂಡು ಯಾವ ಎಸ್ಟೇಟಿನಲ್ಲಿದೆ ಎಂದು ಕಾವಲಿನವರು ತಿಳಿಸಿದರೆ, ಅಲ್ಲಿಯ ಕೆಲಸಗಾರರ ಫೋನಿಗೆಲ್ಲ ಎಚ್ಚರಿಕೆ ಕಳಿಸುವ ಪ್ರೋಗ್ರಾಂ ನಮ್ಮದು. ಇಬ್ಬರೂ ಒಂದೇ ಫೈಲಿನಲ್ಲಿ ಬರೆಯುತ್ತಿದ್ದೆವು. ಬರೆಯುವ ರೀತಿ ಮಾತ್ರ ಒಬ್ಬರದು ಪೂರ್ವ, ಒಬ್ಬರದು ಪಶ್ಚಿಮ. "ಇದೆಂತ ಮಾರಾಯ, ಸಂತೆಗೆ ಹೊರಟವರ ಹಾಗೆ ಉಂಟು ನಿಮ್ಮ ಕೋಡು? ಪೆರೇಡಿಗೆ ನಿಂತ ಹಾಗೆ ಇರ್ಬೇಕು" ಎಂದರು ಮಿಲಿಟರಿಯಿಂದ ಬಂದಿದ್ದ ಬೋಪಣ್ಣನವರು.

ಹಾಗಾಗಿ ನಾವು ಕೋಡು ಬರೆಯುತ್ತಿದ್ದ ಎಡಿಟರ್‌ಗೆ ನಾನು ಮಾಡಿಟ್ಟಿದ್ದ ಪ್ಲಗಿನ್‌ನೊಳಗೆ ಒಂದು ಸ್ಟೈಲ್ ಚೆಕರ್ ಜೋಡಿಸಿದೆ. ಸಾಲು ಸೊಟ್ಟಗಾದರೆ, ಬರೆಯುತ್ತಿರುವಾಗಲೇ ಅಡಿಯಲ್ಲಿ ಕೆಂಪು ಗೆರೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ — ಸೇವ್ ಒತ್ತಿದರೆ ಸಾಕು, ಇಡೀ ಫೈಲನ್ನು ಅದೇ ನೆಟ್ಟಗೆ ಮಾಡಲಿ ಅಂದುಕೊಂಡೆ. ಸಿದ್ಧವಾದಾಗ ನಿನ್ನನ್ನು ಕರೆದೆ. ನಮ್ಮ ಮನೆಯಲ್ಲಿ ಹೊಸ ಒಲೆ ಹಚ್ಚುವುದಿದ್ದರೂ ಕೈಗುಣ ಇರುವವರನ್ನು ಹುಡುಕುತ್ತಾರೆ; ಆ ಅಭ್ಯಾಸ ನನ್ನದು. "ನೀನೇ ಮೊದಲು ಒತ್ತು, ನಿನ್ನ ಕೈಗುಣ ಒಳ್ಳೇದು."

ನೀನು ನಗುತ್ತಾ ಒತ್ತಿದೆ.

ಎಲ್ಲ ಸಾಲೂ ಚೂರು ಚೂರು ಸರಿದು ನೆಟ್ಟಗಾಯಿತು. ಸರಿದ ಪ್ರತಿ ಸಾಲನ್ನೂ, ಕೊನೆಗೆ ಮುಟ್ಟಿದವಳು ನೀನೆಂದು ಕಂಪ್ಯೂಟರ್ ನಿನ್ನ ಹೆಸರಿಗೆ ಬರೆದುಕೊಂಡಿತು — ನಾನು ಬರೆದದ್ದನ್ನೂ ಸೇರಿಸಿ. ಸಂಜೆಯೇ ಅದು ನನ್ನ ಕಣ್ಣಿಗೆ ಬಿತ್ತು. ನಾಳೆ ಸರಿಮಾಡಿದರಾಯಿತು ಎಂದು ಚಹಾ ಕುಡಿಯಲು ಇಳಿದು ಹೋದೆ.

ನನ್ನ ಹಳೆಯ ಸಾಲೊಂದು ಅದರೊಳಗಿತ್ತು. ಒಂದೇ ಎಸ್ಟೇಟಿಗೆ ಒಂದೇ ದಿನ ಎರಡು ಸಲ ಎಚ್ಚರಿಕೆ ಹೋಗಬಾರದು, ಜನಕ್ಕೆ ಕಿರಿಕಿರಿ — ಹಾಗೆಂದು ಹಾಕಿದ್ದು. ಹೋದ ಆನೆ ತಿರುಗಿ ಬಂದೀತು ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಚೆಟ್ಟಳ್ಳಿ ಕಡೆಯ ಆ ತೋಟಕ್ಕೆ ಬೆಳಿಗ್ಗೆ ಬಂದುಹೋದ ಹಿಂಡು ಮಧ್ಯಾಹ್ನ ಮರಳಿತು. ಕಾವಲಿನವರು ತಿಳಿಸಿದರು, ನಮ್ಮ ಪ್ರೋಗ್ರಾಂ ತೆಪ್ಪಗಿತ್ತು. ಕಾಫಿ ಹಣ್ಣು ಕೊಯ್ಯುತ್ತಿದ್ದ ಲಕ್ಷ್ಮಕ್ಕ ಓಡುವಾಗ ಬಿದ್ದು ಸೊಂಟ ಮುರಿದುಕೊಂಡಳು.

ಬೋಪಣ್ಣನವರು ಆ ಸಾಲನ್ನು ಕಂಪ್ಯೂಟರಿನಲ್ಲಿ ತೆರೆಸಿ ನೋಡಿದರು. ಪಕ್ಕದಲ್ಲೇ ನಿನ್ನ ಹೆಸರು. "ಇದು ನಾನು ಬರೆದದ್ದಾ ಅಣ್ಣ? ನಂಗೆ ನೆನಪೇ ಇಲ್ಲೆ" ಎಂದೆ ನೀನು, ನನ್ನ ಕಡೆ ತಿರುಗಿ.

ನಾನು ಹೇಳಿದೆ — "ಹೆಸರು ನಿಂದೇ ತೋರಿಸ್ತದಲ್ಲ."

ಇಷ್ಟೇ. ಹುಡುಕಿದರೂ ಇದರಲ್ಲಿ ಒಂದು ಸುಳ್ಳು ಸಿಗುವುದಿಲ್ಲ. ನಿನ್ನ ಹೆಸರು ಬೀಳುವ ಮುಂಚೆ ಆ ಸಾಲು ಯಾರ ಹೆಸರಿನಲ್ಲಿತ್ತೆಂದು ಹಳೆಯದನ್ನು ತೆರೆದು ತೋರಿಸಲು ನನ್ನಿಂದ ಆಗುತ್ತಿತ್ತು. ತೆರೆಯಬಹುದೆಂದೇ ಬೋಪಣ್ಣನವರಿಗೆ ತಿಳಿದಿರಲಿಲ್ಲ. ಮತ್ತೆ ನೀನು — ನೀನು ನಂಬಿಬಿಟ್ಟೆ. ನಾನು ಸುಳ್ಳಾಡಲಾರೆ ಎಂದು.

ಮಡಿಕೇರಿಯ ಆಸ್ಪತ್ರೆಗೆ ಜೀಪಿನಲ್ಲಿ ನಿನ್ನನ್ನು ಕರೆದೊಯ್ದದ್ದೂ ನಾನೇ. ನೀನು ಕಿತ್ತಳೆ ಕಟ್ಟಿಸಿಕೊಂಡಿದ್ದೆ. ಲಕ್ಷ್ಮಕ್ಕನ ಕಾಲು ಹಿಡಿದು ಅತ್ತೆ. "ಇರ್ಲಿ ಬಿಡು ಮಗಾ" ಎಂದಳು ಆಕೆ. ನಾನು ವಾರ್ಡಿನ ಬಾಗಿಲಲ್ಲಿದ್ದೆ. ಒಳಗೆ ಕಾಲಿಡಲಾಗಲಿಲ್ಲ, ಹಿಂದಕ್ಕೂ ಹೋಗಲಾಗಲಿಲ್ಲ. ಅಲ್ಲಿಂದ ಇನ್ನೂ ಕದಲಿಲ್ಲ.

ನೀನು ಕೆಲಸ ಬಿಟ್ಟೆ. ನಾನು ಆ ಸಾಲು ತಿದ್ದಿದೆ, ಮೆಚ್ಚುಗೆಯೂ ಬಂತು. ಬೇರೆ ಕಡೆಯಿಂದ ಕೆಲಸಕ್ಕೆ ಕರೆ ಬಂದಾಗಲೆಲ್ಲ ಬೇಡವೆಂದೆ — ನನ್ನ ಜಾಗಕ್ಕೆ ಬಂದವರು ಹಳೆಯದನ್ನು ತೆರೆದುಬಿಟ್ಟರೆ? ಇಲ್ಲಿ ಕೂತರೆ ದಿನಾ ಅದೇ ಫೈಲು. ಬೀಗ ಹಾಕಿದವನೂ ನಾನು, ಒಳಗಿರುವವನೂ ನಾನು.

ನನ್ನ ತಾತ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು, ಒಂದು ಸಂಗತಿ ಹೇಳುತ್ತಿದ್ದರು. ಆಗ ಆನೆ ಬಂದರೆ, ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ ತುದಿಮನೆಯವನು ತಗಡು ಬಡಿಯಬೇಕು. ಬಡಿಯದೆ ಮಲಗಿಬಿಟ್ಟವನು ಮರುದಿನ ಎಲ್ಲರೆದುರು "ನಾನು ಮಲಗಿಬಿಟ್ಟೆ" ಎನ್ನಬೇಕು. ಅಂದರೆ ಮುಗಿಯಿತು, ಮತ್ತೆ ಯಾರೂ ಆ ಮಾತು ಎತ್ತರು. ಈ ಕಥೆಯನ್ನು ನಿನಗೆ ನಗುನಗುತ್ತಾ ಹೇಳಿದವನು ನಾನೇ ಅಲ್ಲವೆ.

ಈಗ ಕುಶಾಲನಗರದ ಔಷಧಿ ಅಂಗಡಿಯಲ್ಲಿ ನಿಲ್ಲುತ್ತೀಯ. ಕಳೆದ ಸಲ ಮಾತ್ರೆ ಕೊಡುತ್ತಾ ಅಂದೆ — "ನನ್ನ ತಲೆ ಆ ಕೆಲ್ಸಕ್ಕೆ ಆಗುದಲ್ಲ ಅಣ್ಣ. ಯಾರ ಜೀವ ತೆಗೀತಿದ್ನೋ ಎಂತೋ." ಬಸ್ಸು ಹತ್ತಿದ ಮೇಲೂ ಆ ಮಾತು ನನ್ನ ಜೊತೆಯೇ ಕೂತಿತ್ತು.

ನಿನ್ನೆ ಬೋಪಣ್ಣನವರ ಮುಂದೆ ಎಲ್ಲ ತೆರೆದಿಟ್ಟೆ. ಅವರು ಓದಿ ಕನ್ನಡಕ ತೆಗೆದರು. ಅಲ್ಲಿಂದ ಲಕ್ಷ್ಮಕ್ಕನ ಲೈನಿಗೆ ಹೋದೆ. ಕೋಲೂರಿಕೊಂಡು ಹೊರಗೆ ಬಂದಳು. ಹೇಳಿದೆ. ಆಕೆ ಬೈಯಲಿಲ್ಲ. ಇಷ್ಟೇ ಕೇಳಿದಳು —

"ಮತ್ತೆ ಆ ಮಗು ನನ್ ಕಾಲು ಹಿಡ್ಕಂಡು ಅತ್ತಿದ್ದು ಯಾಕೆ ಸಾರ್?"

ಶನಿವಾರ ಅಂಗಡಿಗೆ ಬರುತ್ತೇನೆ, ದೇವಕಿ. ಮಾತ್ರೆಗಲ್ಲ.