ಏಸಿ ಕ್ಲಚ್ಚಿನ ಸದ್ದು

ಮೊನ್ನೆ ಕಾಪುವಿನಲ್ಲಿ ಬಸ್ಸಿಳಿದಾಗ ರಸ್ತೆ ಬದಿಗೆ ಒಂದು ಕಾರು ಬಾನೆಟ್ ತೆರೆದು ನಿಂತಿತ್ತು. ಸುಟ್ಟ ಬೆಲ್ಟಿನ ವಾಸನೆ... ಸೆರಗು ಮೂಗಿಗೆ ಹಿಡಿದು ದಾಟಿ ಬಂದೆ. ಮನೆಗೆ ಬಂದ ಮೇಲೂ ಅದು ಬಿಡಲಿಲ್ಲ.

ನನ್ನ ಅಣ್ಣ ಅಲ್ಲೇ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಕಾರುಗಳ ಏಸಿ ರಿಪೇರಿ ಮಾಡುತ್ತಿದ್ದ. ಎರಡು ಸಾವಿರದ ಇಸವಿಯ ಆಸುಪಾಸು. ಏಸಿ ಹಾಕಿದಾಗ ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ ಅಯಸ್ಕಾಂತದ ಕ್ಲಚ್ಚೊಂದು ಇರುತ್ತದೆ. ಅದರ ರೋಗವನ್ನು ಸದ್ದಿನಿಂದಲೇ ಹಿಡಿಯಬೇಕು ಎನ್ನುತ್ತಿದ್ದ. ಏಸಿ ಹಾಕಿದಾಗ ಮಾತ್ರ ಕಿರುಚಿದರೆ ಕ್ಲಚ್ಚಿನ ತಟ್ಟೆ ಜಾರುತ್ತಿದೆ. ಆರಿಸಿದ ಮೇಲೂ ಕೊರೆಯುತ್ತಿದ್ದರೆ ಬೇರಿಂಗ್ ಹೋಗಿದೆ.

ಆದರೆ ಅಣ್ಣನ ಕಿವಿ ಮಂದವಾಗುತ್ತಾ ಬಂತು. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ಮಧ್ಯಾಹ್ನ ಬುತ್ತಿ ಕೊಂಡುಹೋದಾಗ, ಯಾರೂ ಇಲ್ಲದ ಹೊತ್ತು ನೋಡಿ ನನ್ನನ್ನು ಎಂಜಿನ್ನಿನ ಹತ್ತಿರ ನಿಲ್ಲಿಸುತ್ತಿದ್ದ. ಅವನಿಗಾಗಿ ನಾನು ಕೇಳುತ್ತಿದ್ದೆ. “ನೀನು ಗಂಡಾಗಿ ಹುಟ್ಟಿದ್ದರೆ ನನ್ನ ಕೆಲಸ ಹೋಗುತ್ತಿತ್ತು ಮಾರಾಯ್ತಿ” ಎಂದು ನಗುತ್ತಿದ್ದ.

ಒಂದು ದಿನ ಸಂಜೆ ಕಾರ್ಕಳದಲ್ಲಿ ಅತ್ತೆಯ ಮಗಳ ಮದುವೆಯ ಮದರಂಗಿ ಇತ್ತು. ಅಣ್ಣನೇ ನನ್ನನ್ನು ಕರೆದುಕೊಂಡು ಹೋಗಬೇಕಿತ್ತು. ಹೊಸ ಸೀರೆ ಉಟ್ಟೇ ಗ್ಯಾರೇಜಿಗೆ ಬಂದಿದ್ದೆ. ಅವನ ಮುಂದೆ ಒಂದು ಟ್ಯಾಕ್ಸಿ ಇತ್ತು.

“ಏಸಿ ಆಫ್ ಮಾಡಿದ್ದೇನೆ. ಕೊರೆಯುವುದು ಉಂಟಾ?”

ಇತ್ತು. ಒಣ ಎಲೆ ಉಜ್ಜಿದ ಹಾಗೆ, ಸಣ್ಣಗೆ. ಉಂಟು ಎಂದರೆ ಅವನು ಕ್ಲಚ್ಚು ಬಿಚ್ಚುತ್ತಿದ್ದ, ಕತ್ತಲಾಗುತ್ತಿತ್ತು.

“ಇಲ್ಲ” ಎಂದೆ.

“ಸರಿಯಾಗಿ ಕೇಳು.”

“ಇಲ್ಲ ಅಂದೆ ಅಲ್ವಾ! ಬಸ್ ತಪ್ಪುತ್ತದೆ.”

ಮರುದಿನ ಬೆಳಿಗ್ಗೆ ಗಲ್ಫಿಗೆ ಹೊರಟವರೊಬ್ಬರನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಹೋಗುವಾಗ ಆ ಟ್ಯಾಕ್ಸಿಯ ಬೇರಿಂಗ್ ತಿರುಗದೆ ಹಿಡಿದುಕೊಂಡು, ಬೆಲ್ಟು ಸುಟ್ಟು ತುಂಡಾಯಿತು. ಅವರ ವಿಮಾನ ತಪ್ಪಿತು. ಮದುವೆ ಮುಗಿದ ಮರುದಿನ ನಾನು ಬುತ್ತಿ ತಂದಾಗ ಟ್ಯಾಕ್ಸಿಯವರು ಅಣ್ಣನ ಎದುರು ಕೂಗಾಡುತ್ತಿದ್ದರು. “ಎಂತ ಮಾರಾಯ, ಕಿವಿ ಮನೆಯಲ್ಲಿಟ್ಟು ಬರುತ್ತೀಯಾ?”

ಗ್ಯಾರೇಜಿನ ಧಣಿಗೆ ಅನುಮಾನ ಬಂತು. ಅಣ್ಣನ ಬೆನ್ನ ಹಿಂದೆ ಹೋಗಿ ನಿಂತು ಕರೆದರು. ಅಣ್ಣ ತಿರುಗಲಿಲ್ಲ. ಇನ್ನೊಮ್ಮೆ, ಜೋರಾಗಿ... ಅಲ್ಲಿದ್ದವರು ನಕ್ಕರು. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಅಣ್ಣನೂ ಸ್ವಲ್ಪ ನಕ್ಕ.

ನಾನು ಬುತ್ತಿ ಹಿಡಿದುಕೊಂಡು ನಿಂತಿದ್ದೆ. ತಂಗಿ ಕೇಳಿ ಹೇಳಿದ್ದಳು ಎಂದು ಅಣ್ಣ ಹೇಳಬಹುದಿತ್ತು. ಹೇಳಲಿಲ್ಲ. “ನನ್ನದೇ ತಪ್ಪು” ಎಂದ.

ಮತ್ತೆ ಯಾವ ಗ್ಯಾರೇಜಿನವರೂ ಅವನನ್ನು ಸೇರಿಸಲಿಲ್ಲ. ಉಡುಪಿಯ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದ.

ನನಗೆ ಮದುವೆಯಾಗಿ ಎಷ್ಟೋ ಕಾಲದ ಮೇಲೆ, ಒಂದು ದಿನ ಅವನೆದುರು ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಅಷ್ಟರಲ್ಲಿ ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ನನ್ನ ಅಳು ಕಂಡು, “ಗಂಡ ಹೊಡೆದನಾ?” ಎಂದ. ಬರೆದು ತೋರಿಸಬಹುದಿತ್ತು, ಅಷ್ಟು ಅಕ್ಷರ ನನಗೆ ಬರುತ್ತಿತ್ತು. ಹೌದೆಂದು ತಲೆಯಾಡಿಸಿದೆ.

ಅಣ್ಣ ಈಗಿಲ್ಲ. ಸಾಯುವವರೆಗೂ ನನ್ನ ಗಂಡನ ಮುಖ ನೋಡಿ ಅವನು ಮಾತಾಡಲಿಲ್ಲ. ಇವರು ಈಗಲೂ ಕೆಲವೊಮ್ಮೆ ಕೇಳುತ್ತಾರೆ, “ನಿನ್ನ ಅಣ್ಣನಿಗೆ ನನ್ನ ಮೇಲೆ ಎಂತ ಸಿಟ್ಟು ಇದ್ದದ್ದು?”

ಗೊತ್ತಿಲ್ಲ ಎನ್ನುತ್ತೇನೆ.